ರಾವಣನ ಪ್ಯಾಕಿಂಗು, ನಮ್ಮ ಪ್ಯಾಕೇಜು

ವೀಕೆಂಡ್ ಬಂತು ಅಂದ್ರೆ ವಾಟ್ಸಾಪಲ್ಲಿ ಅದೇ ಪೋಸ್ಟರು, "ಕುಮಟಾ ಟು ಗೋಕರ್ಣ ಸ್ಪಿರಿಚುವಲ್ ಬೀಚ್ ಟ್ರೆಕ್". ಕ್ಯಾಂಪ್‌ಫೈರು, ಡಿಜೆ, ಆತ್ಮಲಿಂಗ ದರ್ಶನ ಎಲ್ಲಾ ಒಂದೇ ಪ್ಯಾಕೇಜು. ಕೆಳಗೆ ಸಣ್ಣ ಅಕ್ಷರದಲ್ಲಿ: ಟೈಮ್ ಇದ್ರೆ ದರ್ಶನ. ಪುಣ್ಯಕ್ಕೂ ಟರ್ಮ್ಸ್ ಅಂಡ್ ಕಂಡೀಷನ್ಸು ಬಂತಲ್ಲ, ನಾಡು ಮುಂದುವರೀತಿದೆ.

ರಾವಣನ ಕಥೆ ಎಲ್ರಿಗೂ ಗೊತ್ತು, ಗಣಪತಿ ಮೂರು ಸಲ ಕರೆದಿದ್ದು, ಲಿಂಗ ನೆಲಕ್ಕಿಟ್ಟಿದ್ದು. ಆಮೇಲಿಂದು ಸ್ವಲ್ಪ ಗಮನಿಸಿ ನೋಡಿ. ಲಿಂಗ ಕೀಳೋಕಾಗದೆ ಸಿಟ್ಟು ಬಂದು ಆಸಾಮಿ ಅದರ ಪ್ಯಾಕಿಂಗ್ ಬಿಸಾಕಿದ. ಪೆಟ್ಟಿಗೆ ಸಜ್ಜೇಶ್ವರಕ್ಕೆ ಬಿತ್ತು, ಮುಚ್ಚಳ ಗುಣವಂತೆಗೆ, ದಾರ ಧಾರೇಶ್ವರಕ್ಕೆ, ಬಟ್ಟೆ ಮುರುಡೇಶ್ವರಕ್ಕೆ. ನಾಲ್ಕು ಪೀಸ್ ಕಸ, ನಾಲ್ಕು ಕ್ಷೇತ್ರ! ಈ ಲೆಕ್ಕದಲ್ಲಿ ನಮ್ಮ ಜನ ಒಂದು ಶನಿವಾರ ರಾತ್ರಿ ಪ್ಯಾರಡೈಸ್ ಬೀಚಲ್ಲಿ ಬಿಸಾಕೋದಕ್ಕೆ ಕಾಶಿಯಷ್ಟು ದೊಡ್ಡ ಊರೇ ಎದ್ದೇಳಬೇಕಿತ್ತು, ಬಿಯರೇಶ್ವರ, ಕುರ್ಕುರೇಶ್ವರ, ಒಂಟಿ ಚಪ್ಪಲಿ ಲಿಂಗ ಅಂತ. ಪಾಪ ರಾವಣನಿಗೆ ಒಂದು ಕಾರಣನಾದ್ರೂ ಇತ್ತು, ಅಮ್ಮ ಪೂಜೆಗೆ ಕಾಯ್ತಿದ್ಳು, ಕೈಗೆ ಬಂದಿದ್ದು ಹೋಯ್ತು. ಇವ್ರಿಗೇನ್ರೀ ಅಂಥಾ ದುಃಖ?

ನಾವೂ ಒಂದು ಗ್ಯಾಂಗ್ ಕಟ್ಕೊಂಡು ನಡೆದ್ವಿ. ಬಂಡೆ ಹತ್ತು, ಮರಳಿಗಿಳಿ, ಮತ್ತೆ ಬಂಡೆ ಹತ್ತು, ಬಿಸಿಲು ನೆತ್ತಿ ಮೇಲೆ ಕೂತ್ಕೊಂಡು ಇಳಿಯೋದೇ ಇಲ್ಲ ಅಂತಿತ್ತು. ನಮ್ ಜೊತೆ ಇದ್ದ ಹುಡುಗೀರು ಬೆಳಿಗ್ಗೆಯಿಂದ ಒಂದೊಂದೇ ಗುಟುಕು ನೀರು ಕುಡೀತಿದ್ರು, ಯಾಕಂದ್ರೆ ದಾರೀಲಿ ಟಾಯ್ಲೆಟ್ ಸಿಗುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ, ಟ್ರೆಕ್ ಲೀಡರ್‌ನ ಕೇಳಿದ್ರೆ "ನೇಚರ್ ಇದ್ಯಲ್ಲ ಮೇಡಂ" ಅಂದ. ಇವನಿಗೆ ಪ್ರವಾಸೋದ್ಯಮ ಖಾತೆನೇ ಕೊಡಬಹುದು, ಉತ್ತರ ಕೊಡೋ ಸ್ಟೈಲ್ ಆಗ್ಲೇ ಬಂದ್ಬಿಟ್ಟಿದೆ.

ಅಘನಾಶಿನಿ ಅಳಿವೆಯಲ್ಲಿ ದೋಣಿಗೆ ಕಾಯ್ತಾ ಕೂತಾಗ ಸ್ವಲ್ಪ ಉಸಿರು ಬಂತು. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಅದಕ್ಕೇ ಇರಬೇಕು ಯಾರಿಗೂ ಸಮಾಧಾನ ಇಲ್ಲ. ಒಂದು ಕಾಲದಲ್ಲಿ ಎದುರಿನ ತದಡಿಗೆ 4000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಅಂದ್ರು, ಜನ ಬೇಡ ಅಂದ್ರು, ಆಮೇಲೆ ಬಂದರು ಅಂದ್ರು. 2024ರ ಜನವರಿಯಲ್ಲಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಬಿರುದು, ಕಟ್ಟಿ ಫೋಟೋ ಹಾಕ್ಕೊಂಡ್ರು, ಒಳ್ಳೇದು, ಸಂತೋಷ. ಈಗ ಅದೇ ನೀರನ್ನ ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸೋ ಮಾತು. ಹಾರ ಹಾಕಿ ಹಿಂದಿಂದ ಪೈಪ್ ಸಿಗಿಸೋದು ಅಂದ್ರೆ ಇದು. ನೀರು ಆ ಕಡೆ ಹೋದ್ರೆ ಇಲ್ಲಿ ಬಳಚು, ಅಂದ್ರೆ ತಿನ್ನೋ ಚಿಪ್ಪು, ಹೆಕ್ಕಿ ಬದುಕೋ ಹೆಂಗಸ್ರು ಏನು ಹೆಕ್ಕಬೇಕು ಅಂತ ಯಾವ ರಿಪೋರ್ಟಲ್ಲಿ ಬರೀತಾರೋ. ದೋಣಿಯವನ್ನ ಕೇಳಿದೆ. "ಎಂತ ಹೇಳೂದು ಮಾರಾಯ್ರೆ, ನೀವು ಮೊದ್ಲು ಹತ್ತಿ" ಅಂದ.

ಇಲ್ಲೀವರೆಗೆ ತಮಾಷೆ. ಆದ್ರೆ ಇದೇ ಕರಾವಳೀಲಿ 2024ರ ಡಿಸೆಂಬರ್‌ನಲ್ಲಿ, ಮುರುಡೇಶ್ವರದಲ್ಲಿ, ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ಕು ಹುಡುಗೀರು ಸಮುದ್ರಪಾಲಾದ್ರು. ಆಮೇಲೆ ಬೀಚ್ ಬಂದ್ ಮಾಡಿದ್ರು, ಪರಿಹಾರ ಘೋಷಿಸಿದ್ರು. ಎಲ್ಲಾ ಆಮೇಲೆ. ಸಮುದ್ರ ನೋಡದೇ ಬೆಳೆದ ಮಕ್ಕಳು ನೀರಿಗಿಳೀತಾರೆ ಅಂತ ಮೊದ್ಲೇ ಗೊತ್ತಾಗೋದಕ್ಕೆ ಯಾವ ಸಮಿತಿ ಬೇಕಿತ್ತು? ಗೋಕರ್ಣದಲ್ಲೂ ಹುಡುಗ್ರು ಹೋಗ್ತಾನೇ ಇದ್ದಾರೆ, ಪೇಪರಲ್ಲಿ ನಾಲ್ಕು ಸಾಲು, "ಈಜಲು ತೆರಳಿದ್ದಾಗ". ಸಾಕಾಗಿದೆ ಓದಿ.

ಸಂಜೆ ಕುಂಟ್ಕೊಂಡು ಮಹಾಬಲೇಶ್ವರನ ಬಾಗಿಲಿಗೆ ಬಂದ್ವಿ. ನಮ್ ಲೀಡರ್ ಪ್ಯಾಂಟು ಟೀಶರ್ಟಲ್ಲೇ ನುಗ್ಗೋಕೆ ಹೋದ, ಅಲ್ಲಿದ್ದವರು ಒಂದೇ ನೋಟದಲ್ಲಿ ಹಿಡಿದ್ರು. ಪಂಚೆ ಉಡಬೇಕು, ಅಂಗಿ ತೆಗೀಬೇಕು, ವಾದಕ್ಕೆ ಜಾಗ ಇಲ್ಲ. ಸಾವಿರ ಜನ ಬಂದ್ರೂ ಸಾವಿರ ಜನಕ್ಕೂ ಹೇಳ್ತಾರೆ, ಬೇಜಾರಿಲ್ಲದೆ. ಸ್ವಾಮಿ, ದಯವಿಟ್ಟು ಇವರಲ್ಲಿ ಇಬ್ಬರನ್ನ ಒಂದು ಸೀಟಿ ಕೊಟ್ಟು ಓಂ ಬೀಚಿಗೆ ಡೆಪ್ಯುಟೇಶನ್ ಮೇಲೆ ಹಾಕಿ.