ಸ್ಪೀಡ್ ಬರ್ತಿದೆ ಸಾರ್, ಅಮ್ಮನ ಮಾತು ಬರ್ತಿಲ್ಲ

ಇವತ್ತು ಬೆಳಿಗ್ಗೆ ಮೂರನೇ ಸಲ ಇಂಟರ್ನೆಟ್ ಕಂಪನಿಯ ಹುಡುಗ ಮನೆಗೆ ಬಂದಿದ್ದ. ಮೊಬೈಲ್ ತೆಗೆದ, ಸ್ಪೀಡ್ ಟೆಸ್ಟ್ ಒತ್ತಿದ, ಮುಳ್ಳು 96ಕ್ಕೆ ಹೋಗಿ ನಿಂತಿತು. ‘ನೋಡಿ ಸಾರ್, ಸ್ಪೀಡ್ ಪೂರ್ತಿ ಬರ್ತಿದೆ’ ಅಂದು ಫೋಟೊ ಹೊಡೆದುಕೊಂಡು ಹೋದ. ಹತ್ತು ನಿಮಿಷಕ್ಕೆ ಮೆಸೇಜ್ ಬಂತು, ನಿಮ್ಮ ದೂರು ಬಗೆಹರಿದಿದೆ ಅಂತ. ಆಗಿನಿಂದ ಮೈ ಉರಿಯುತ್ತಿದೆ.

ನಾನು ಸ್ಪೀಡ್ ಬಗ್ಗೆ ದೂರೇ ಕೊಟ್ಟಿಲ್ಲ. ಕಾಲ್ ಮಾಡಿದಾಗ ಮಾತು ನಡುನಡುವೆ ಕಡಿದುಹೋಗುತ್ತದೆ ಅಂತ ಕೊಟ್ಟದ್ದು.

ಅಮ್ಮ ಕೊಪ್ಪದಲ್ಲಿ ಒಬ್ಬಳೇ ಇರೋದು ನಿಮಗೆಲ್ಲ ಗೊತ್ತು. ದಿನಾ ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್. ಕಳೆದ ವಾರ ‘ಬಿಪಿ ಮಾತ್ರೆ ತಗೊಂಡ್ಯಾ ಅಮ್ಮ?’ ಅಂದೆ. ‘ತಗೊಂಡಿ...’ ಅಷ್ಟೇ ಕೇಳಿಸಿತು. ತಗೊಂಡಿದೀನಿ ಅಂದಳು ಅಂದುಕೊಂಡೆ. ಅವಳು ಹೇಳಿದ್ದು ‘ತಗೊಂಡಿಲ್ಲ ಮಾರಾಯ, ಖಾಲಿಯಾಗಿದೆ’ ಅಂತ. ಎರಡು ದಿನ ಮಾತ್ರೆ ಇಲ್ಲದೆ ಇದ್ದಳು. ನಮ್ಮ ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನೋದು ಮಾತಿನ ಬಾಲದಲ್ಲಿ ಇರುತ್ತದೆ. ಆ ಬಾಲವೇ ದಾರಿಯಲ್ಲಿ ಬಿದ್ದುಹೋದರೆ ಏನು ಮಾಡೋದು?

ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕು ಮಾಡಿ ಕಳಿಸುತ್ತಾರೆ. ಆ ಒಂದೊಂದು ತುಣುಕಿನ ಪೊಟ್ಟಣವೇ ಪ್ಯಾಕೆಟ್, ಸೆಕೆಂಡಿಗೆ 50. ಒಂದು ಹೋದರೆ ಆ್ಯಪ್ ಹೇಗೋ ತೇಪೆ ಹಾಕುತ್ತದೆ. ಸಾಲಾಗಿ ಹತ್ತು ಹೋದರೆ 200 ಮಿಲಿಸೆಕೆಂಡ್. ಒಂದು ‘ಇಲ್ಲ’ ನುಂಗಿಹೋಗೋಕೆ ಅಷ್ಟು ಸಾಕು. ತಡವಾಗಿ ಬಂದ ಪ್ಯಾಕೆಟ್ಟಿಗೂ ಅದೇ ಗತಿ. 20ರ ಅಂತರದಲ್ಲಿ ಹೊರಟವು 5, 90, 3 ಅಂತ ಎದ್ದುಬಿದ್ದು ಬರೋದಕ್ಕೇ ಜಿಟರ್ ಅನ್ನುತ್ತಾರೆ. ಆ್ಯಪ್ ಸ್ವಲ್ಪ ಹೊತ್ತು ಕಾದು, ಆಮೇಲೆ ಬಂದದ್ದನ್ನು ಎಸೆದುಬಿಡುತ್ತದೆ. ಸ್ಪೀಡ್ ಟೆಸ್ಟಿನ ಮುಳ್ಳಿನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಕಳೆದುಹೋದದ್ದನ್ನು ಟಿಸಿಪಿ ಅನ್ನುವ ರವಾನೆಯ ಕ್ರಮ ಮತ್ತೆ ಕಳಿಸುತ್ತದೆ, ಒಟ್ಟು ಲೆಕ್ಕ ಸರಿಹೋಗುತ್ತದೆ. ಆಡಿದ ಮಾತನ್ನು ಮತ್ತೆ ಕಳಿಸೋಕೆ ಟೈಮ್ ಎಲ್ಲಿದೆ?

ಹಾಗಾಗಿ ನಾನೇ ಅಳೆದೆ. ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಿ ಮೊದಲು ರೌಟರಿಗೆ 600 ಪಿಂಗ್, ಅಂದರೆ ‘ಇದ್ದೀಯಾ’ ಅಂತ ಕೇಳುವ ಪುಟ್ಟ ಪ್ಯಾಕೆಟ್. 600ಕ್ಕೆ 600 ವಾಪಸ್ ಬಂದವು. ಮನೆಯೊಳಗೆ ತೊಂದರೆ ಇಲ್ಲ. ಆಮೇಲೆ ಮುಂಬೈಯಲ್ಲಿ ನಾನು ಬಾಡಿಗೆಗೆ ತಗೊಂಡಿರೋ ಸರ್ವರಿಗೆ, ನೆಟ್‌ವರ್ಕ್ ಅಳೆಯುವ ತಂತ್ರಾಂಶ ಐಪರ್ಫ್‌ನಲ್ಲಿ ಯುಡಿಪಿ (ಕಳೆದುಹೋದದ್ದನ್ನು ಮತ್ತೆ ಕಳಿಸದ ಕ್ರಮ) ಪ್ಯಾಕೆಟ್, ಸೆಕೆಂಡಿಗೆ ಐವತ್ತರಂತೆ ಒಂದು ನಿಮಿಷ. ಮಧ್ಯಾಹ್ನ ಮೂರಕ್ಕೆ ಒಂದೂ ಬೀಳಲಿಲ್ಲ. ರಾತ್ರಿ ಒಂಬತ್ತಕ್ಕೆ 3000ದಲ್ಲಿ 94 ಕಾಣೆ. ಶೇ 3 ಅಷ್ಟೇ ಅಲ್ವಾ ಅನ್ನಬಹುದು. ಸೆಕೆಂಡುವಾರು ಬಿಡಿಸಿ ನೋಡಿದರೆ ಬಹುಪಾಲು ನಾಲ್ಕೇ ಸೆಕೆಂಡಿನಲ್ಲಿ ಬಿದ್ದಿದ್ದವು. ಆ ನಾಲ್ಕು ಸೆಕೆಂಡಿನಲ್ಲೇ ಅಮ್ಮ ಮಾತಾಡುತ್ತಿದ್ದರೆ? ಜಿಟರ್ ಅಂತ ಐಪರ್ಫ್ ತೋರಿಸುವ ಒಂದು ಅಂಕಿಯನ್ನೂ ಪೂರ್ತಿ ನಂಬಬೇಡಿ. ಪ್ರತಿ ಹೊಸ ಏರುಪೇರಿನ ಹದಿನಾರನೇ ಒಂದು ಪಾಲಿನಷ್ಟೇ ಆ ಲೆಕ್ಕ ಜರುಗುತ್ತದೆ. ಒಂದು ದೊಡ್ಡ ಎಗರಾಟ ಅದರೊಳಗೆ ಕರಗಿಹೋಗುತ್ತದೆ.

ಇದನ್ನೆಲ್ಲ ಪ್ರಿಂಟ್ ಹಾಕಿಸಿ ಆ ಹುಡುಗನಿಗೆ ತೋರಿಸಿದ್ದೆ. ‘ನಡುವಿನ ರೌಟರ್‌ಗಳು ಪಿಂಗಿಗೆ ಸರಿಯಾಗಿ ಉತ್ತರ ಕೊಡಲ್ಲ ಸಾರ್, ಅದು ಪ್ಯಾಕೆಟ್ ಲಾಸ್ ಅಲ್ಲ’ ಅಂದ. ಮಾತು ನಿಜ. ಆದರೆ ಹಾಗಿದ್ದರೆ ಕೊನೆಯವರೆಗೆ ಹೋಗುವ ಪ್ಯಾಕೆಟ್ ಸರಿಯಾಗಿ ಮುಟ್ಟಬೇಕಿತ್ತು. ನನ್ನವು ಮುಟ್ಟಲಿಲ್ಲ. ಅಲ್ಲದೆ ಇದು ಪಿಂಗೂ ಅಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಕೊಟ್ಟಿರೋದೇ ಆ ಮುಳ್ಳೊಂದು. ಎರಡು ಉಪಕರಣಗಳ ನಡುವೆ ತಡ, ಏರುಪೇರು, ಲಾಸ್ ಅಳೆಯೋಕೆ ಟ್ವಾಂಪ್ ಅನ್ನುವ ವಿಧಾನ 2008ರಿಂದ ಇದೆ. ದೊಡ್ಡ ನೆಟ್‌ವರ್ಕ್‌ಗಳಲ್ಲಿ ಅದು ಮಾಮೂಲು. ನಮ್ಮ ಮನೆ ಬಾಗಿಲಿಗೆ ಬರುವಾಗ ಯಾಕೆ ಸ್ಪೀಡ್ ಒಂದೇ? ಬೆಳಿಗ್ಗೆ ಹನ್ನೊಂದಕ್ಕೆ ಬಂದು ಅಳೆದರೆ ಏನು ಸಿಗುತ್ತದೆ? ರಾತ್ರಿ ಒಂಬತ್ತಕ್ಕೆ ಬನ್ನಿ. ಅಮ್ಮ ಲೈನಿನಲ್ಲಿ ಇರುವಾಗ ಅಳೆಯಿರಿ. ನಾಳೆ ನಾಲ್ಕನೇ ದೂರು ಕೊಡುತ್ತೇನೆ, ಇದನ್ನೇ ಬರೆಯುತ್ತೇನೆ.

ನಿನ್ನೆ ಕಾಲ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದೆ. ‘ಇಲ್ಲ ಇಲ್ಲ, ಇನ್ನೂ ಮಾಡಿಲ್ಲ’ ಅಂದಳು. ಅಮ್ಮ ಈಗ ಇಲ್ಲ ಅನ್ನೋದನ್ನು ಮೊದಲೇ ಎರಡು ಸಲ ಹೇಳಿಬಿಡುತ್ತಾಳೆ.