ಬಲ್ಬ್ ಬದಲಿಸುವ ಮುಂಚೆ ವೈರು ನೋಡಿ

ಹೆಡ್‌ಲೈಟ್ ಮಂಕಾದರೆ ನಾವೆಲ್ಲ ಮೊದಲು ಬೈಯುವುದು ಬಲ್ಬಿಗೆ. ಹಳೆಯ ಗಾಡಿಗಳಲ್ಲಿ ಬಹಳ ಸಲ ಬಲ್ಬಿನ ತಪ್ಪೇನೂ ಇರುವುದಿಲ್ಲ. ಅದಕ್ಕೆ ಹೊಟ್ಟೆ ತುಂಬ ಕರೆಂಟ್ ಸಿಗುತ್ತಿರುವುದಿಲ್ಲ, ಅಷ್ಟೇ. ಆದರೂ ಅಂಗಡಿಗೆ ಹೋದರೆ ಸಿಗುವ ಸಲಹೆ ಎರಡೇ. ಒಂದು, ನೂರು-ತೊಂಬತ್ತರ (ಬ್ರೈಟ್‌ಗೆ 100 ವಾಟ್, ಡಿಮ್‌ಗೆ 90) ಬಲ್ಬ್ ಹಾಕಿ. ಇನ್ನೊಂದು, ಎಲ್‌ಇಡಿ ಹಾಕಿ. ವೈರು ನೋಡೋಣ ಅಂದವರನ್ನು ನಾನು ಕಂಡದ್ದು ಕಡಿಮೆ.

ನಮ್ಮ ಮನೆಯ ಹಳೇ ಜೀಪನ್ನೇ ತಗೊಳ್ಳಿ. ಮುಂದೆ ಏಳಿಂಚಿನ ಎರಡು ದುಂಡು ಲೈಟು, ಒಳಗೆ ಮಾಮೂಲಿ ಎಚ್4 ಹ್ಯಾಲೊಜೆನ್ ಬಲ್ಬು. ಬ್ರೈಟ್‌ಗೆ 60 ವಾಟ್, ಡಿಮ್‌ಗೆ 55. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಬೇಕಾದರೆ ಲೈಟ್ ಹಾಕಿದ್ದೇವೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ರಸ್ತೆ ಅಂಚಿನ ಬಿಳಿ ಗೆರೆ ಹತ್ತಿರ ಬಂದ ಮೇಲೇ ಕಾಣುತ್ತಿತ್ತು. ಪೇಟೆಯ ಎಲೆಕ್ಟ್ರಿಷಿಯನ್ ಹೇಳಿದ್ದು, "ಸಾರ್, ನೂರು-ತೊಂಬತ್ತು ಹಾಕ್ಬಿಡಿ, ಹಗಲಾದಂಗೆ ಆಗುತ್ತೆ."

ನಾನು ಅಂದೆ, "ಅಣ್ಣಾ, ಮೊದಲು ಮೀಟರ್ ಇಟ್ಟು ನೋಡು."

ಇಂಜಿನ್ ಓಡುತ್ತಿತ್ತು, ಲೈಟ್ ಡಿಮ್‌ನಲ್ಲಿತ್ತು. ಬ್ಯಾಟರಿ ಮೇಲೆ 13.8 ವೋಲ್ಟ್. ಬಲ್ಬಿನ ಹೋಲ್ಡರ್ ಹಿಂದೆ ಮೊನೆ ತಾಗಿಸಿದರೆ 11.6. ನಡುವಿನ 2.2 ವೋಲ್ಟ್ ದಾರಿಯಲ್ಲೇ ಮಾಯ.

ಎರಡು ವೋಲ್ಟ್ ಹೋದರೆ ಏನು ಮಹಾ ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬಿನ ಸ್ವಭಾವವೇ ವಿಚಿತ್ರ. ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತದೆ. ಶೇ. 5 ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಶೇ. 16 ಕಡಿಮೆ. ಶೇ. 10 ಇಳಿದರೆ ಬೆಳಕಿನಲ್ಲಿ ಶೇ. 30ರಷ್ಟು ಖೋತಾ. ಎಚ್4 ಬಲ್ಬಿನಿಂದ ಡಿಮ್‌ನಲ್ಲಿ ಸುಮಾರು 1000 ಲುಮೆನ್ (ಬೆಳಕಿನ ಅಳತೆ), ಬ್ರೈಟ್‌ನಲ್ಲಿ 1650 ಲುಮೆನ್ ಬೆಳಕು ಬರಬೇಕು ಅನ್ನುವುದು 13.2 ವೋಲ್ಟ್ ಸಿಕ್ಕಾಗಿನ ಲೆಕ್ಕ. ನಮ್ಮ ಜೀಪಿನ 11.6ಕ್ಕೆ ಡಿಮ್ ಲೆಕ್ಕ ಹಾಕಿದರೆ 650ರ ಆಸುಪಾಸಿಗೆ ಬರುತ್ತದೆ. ಹೊಸ ಬಲ್ಬು, ಒಳ್ಳೆ ಕಂಪನಿಯದ್ದೇ, ಮೂರನೇ ಒಂದು ಪಾಲು ಬೆಳಕು ರಸ್ತೆಗೆ ಬೀಳುತ್ತಲೇ ಇರಲಿಲ್ಲ.

ಕರೆಂಟ್ ಹೋಗುವ ದಾರಿ ನೋಡಿ. ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿಗೆ ಬಂದು, ಲೈಟ್ ಸ್ವಿಚ್ ಹೊಕ್ಕು, ಡಿಮ್-ಬ್ರೈಟ್ ಬದಲಿಸುವ ಡಿಪ್ಪರ್ ಸ್ವಿಚ್ ದಾಟಿ, ಮತ್ತೆ ವಾಪಸ್ ಮುಂದಕ್ಕೆ. ಸಪೂರ ವೈರು, ದಾರಿಯುದ್ದಕ್ಕೂ ಕಪ್ಪಗಾದ ಕನೆಕ್ಟರುಗಳು. ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪು ಎಷ್ಟೇ ದೊಡ್ಡದಿರಲಿ, ಪೈಪು ಸಣ್ಣದಾಗಿ ಉದ್ದವಾದರೆ ತುದಿಯ ಜೆಟ್ ಸೋತು ಬೀಳುತ್ತದೆ. ಇನ್ನೊಂದು ವಿಷಯ, ಆ ಹೋದ ಶಕ್ತಿ ಸುಮ್ನೆ ಹೋಗುವುದಿಲ್ಲ. ನಮ್ಮದರಲ್ಲಿ ಹತ್ತಿರ ಹತ್ತಿರ 18 ವಾಟ್‌ನಷ್ಟು ಶಾಖವಾಗಿ ವೈರು, ಸ್ವಿಚ್, ಹೋಲ್ಡರುಗಳನ್ನು ಬೇಯಿಸುತ್ತಿತ್ತು. ಹೋಲ್ಡರ್ ಕಿತ್ತು ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿತ್ತು, ಉಗುರಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಇಂಥ ದಾರಿಗೆ ನೂರು-ತೊಂಬತ್ತರ ಬಲ್ಬ್ ಹಾಕಿದರೆ ಏನಾಗುತ್ತದೆ ಹೇಳಿ? ಕರೆಂಟ್ ಇನ್ನೂ ಜಾಸ್ತಿ ಎಳೆಯುತ್ತದೆ, ದಾರಿಯಲ್ಲಿ ಇನ್ನೂ ಜಾಸ್ತಿ ಕಳೆದುಹೋಗುತ್ತದೆ, ಸ್ವಿಚ್ ಸುಟ್ಟು ವಾಸನೆ ಬರುತ್ತದೆ. ಅಷ್ಟು ವಾಟಿನ ಬಲ್ಬು ರಸ್ತೆಯಲ್ಲಿ ಕಾನೂನಿಗೂ ವಿರುದ್ಧ.

ಇದಕ್ಕೆ ಮದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಅದನ್ನು ಹಾಕುವುದು ಸರಳ ಕೆಲಸ. ಬ್ಯಾಟರಿಯಿಂದ ದಪ್ಪ ವೈರು ನೇರ ಬಂದು ರಿಲೇಯ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೇ ವೈರು ಈಗ 86ಕ್ಕೆ, 85 ಅರ್ತ್‌ಗೆ, ಅಂದರೆ ಗಾಡಿಯ ತಗಡಿನ ಮೈನಸ್‌ಗೆ. ಸ್ವಿಚ್ ಒತ್ತಿದಾಗ ಹಳೇ ದಾರಿಯಲ್ಲಿ ಹೋಗುವುದು ರಿಲೇಯ ಕಾಯಿಲ್ ಎಳೆಯುವಷ್ಟು ಕರೆಂಟ್ ಮಾತ್ರ, 0.2 ಆಂಪಿಯರ್ ಆಸುಪಾಸು. ಬಲ್ಬುಗಳಿಗೆ ಬೇಕಾದ ಎಂಟೊಂಬತ್ತು ಆಂಪಿಯರ್ ಹತ್ತಿರದ ದಾರಿಯಲ್ಲೇ ಸಿಗುತ್ತದೆ. ಡಿಮ್‌ಗೊಂದು, ಬ್ರೈಟ್‌ಗೊಂದು, ಒಟ್ಟು ಎರಡು ರಿಲೇ. ವೈರು, ರಿಲೇ ಎಲ್ಲ ಜೋಡಿಸಿದ ರೆಡಿಮೇಡ್ ಹಾರ್ನೆಸ್ ಕೂಡ ಸಿಗುತ್ತದೆ, ಬೆಂಗಳೂರಿನವರಾದರೆ ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿ. ಆದರೆ ಕೊಳ್ಳುವ ಮೊದಲು ವೈರಿನ ದಪ್ಪ ನೋಡಿ. ಹೊರಗೆ ದಪ್ಪ ರಬ್ಬರು, ಒಳಗೆ ನಾಲ್ಕು ಎಳೆ ತಾಮ್ರ ಇರುವ ಮಾಲೂ ಮಾರುಕಟ್ಟೆಯಲ್ಲಿದೆ. 2.5 ಚದರ ಮಿಲಿಮೀಟರಿನ ಒಳ್ಳೆ ವೈರು ಹಾಕಿಸಿದರೆ ಚಿಂತೆಯಿಲ್ಲ.

ಅರ್ತ್ ವೈರನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಪ್ಲಸ್ ಕಡೆ ಎಷ್ಟು ದಪ್ಪ ವೈರು ಹಾಕುತ್ತೀರೋ ಮೈನಸ್ ಕಡೆಗೂ ಅಷ್ಟೇ ದಪ್ಪ ಬೇಕು. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿ ಬಿಟ್ಟರೆ ರಿಲೇ ಹಾಕಿದ್ದೂ ದಂಡ. ಬಣ್ಣ ಕೆರೆದು, ವೈರಿನ ತುದಿಗೆ ಲೋಹದ ಲಗ್ ಹಾಕಿ, ಬಿಗಿಯಾಗಿ ಕೂರಿಸಬೇಕು. ರಿಲೇಯ ಪಿನ್ನುಗಳು ಕೆಳಮುಖ ಇರಲಿ, ಇಲ್ಲದಿದ್ದರೆ ನಮ್ಮ ಮಲೆನಾಡಿನ ಮಳೆಗೆ ಒಳಗೆ ನೀರು ನಿಂತು ಪಿನ್ನುಗಳಿಗೆ ಹಸಿರು ಹಿಡಿಯುತ್ತದೆ.

ಇನ್ನು ಫ್ಯೂಸು. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬ್ಯಾಟರಿಯಿಂದ ನೇರ ವೈರು ಎಳೆದು ಫ್ಯೂಸೇ ಹಾಕದೆ "ಏನೂ ಆಗಲ್ಲ ಸಾರ್" ಅನ್ನುವವರಿದ್ದಾರೆ. ಆ ವೈರು ಎಲ್ಲಾದರೂ ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಇಡೀ ಬ್ಯಾಟರಿಯ ಶಕ್ತಿ ಅಲ್ಲೇ ಸುರಿಯುತ್ತದೆ, ಗಾಡಿ ಹೊತ್ತಿಕೊಳ್ಳುತ್ತದೆ. 15 ಅಥವಾ 20 ಆಂಪಿಯರಿನ ಫ್ಯೂಸು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲೇಬೇಕು. ಇಲ್ಲ ಅಂದರೆ ದುಡ್ಡು ಕೊಡಬೇಡಿ.

ಎಲ್ಲ ಮುಗಿದ ಮೇಲೆ ನಮ್ಮ ಹೋಲ್ಡರಿನಲ್ಲಿ 13.3 ವೋಲ್ಟ್. ಅದೇ ಬಲ್ಬು. ಆ ಎಲೆಕ್ಟ್ರಿಷಿಯನ್ ಅಣ್ಣ ತನ್ನ ಮೀಟರನ್ನೇ ಎರಡು ಸಲ ತಟ್ಟಿ ನೋಡಿದ.

ಎಲ್‌ಇಡಿ ಪ್ರಿಯರು ಈಗ ಜಗಳಕ್ಕೆ ಬರುತ್ತೀರಿ, ಗೊತ್ತು. ಕಾರ್ಖಾನೆಯಿಂದಲೇ ಎಲ್‌ಇಡಿ ಇದ್ದರೆ ನನ್ನ ತಕರಾರಿಲ್ಲ. ಹ್ಯಾಲೊಜೆನ್‌ಗೆಂದು ಮಾಡಿದ ಡೂಮ್ (ಲೈಟಿನ ಹೊಳಪಿನ ಬಟ್ಟಲು) ಒಳಗೆ ಎಲ್‌ಇಡಿ ತುರುಕುವುದರ ಬಗ್ಗೆ ನಾನು ಹೇಳುತ್ತಿರುವುದು. ಎಚ್4 ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ, ಡಿಮ್ ತಂತಿಯ ಕೆಳಗೆ ಪುಟ್ಟದೊಂದು ಲೋಹದ ತಟ್ಟೆ ಇರುತ್ತದೆ. ಎದುರಿನವರ ಕಣ್ಣಿಗೆ ಚಿಮ್ಮಬಹುದಾದ ಬೆಳಕನ್ನು ತಡೆಯುವುದೇ ಅದು. ಅಗ್ಗದ ಎಲ್‌ಇಡಿಯಲ್ಲಿ ಬೆಳಕು ಹೊರಡುವ ಜಾಗವೇ ಬೇರೆ, ಹಾಗಾಗಿ ಎಲ್ಲೆಂದರಲ್ಲಿ ಚೆಲ್ಲುತ್ತದೆ. ಓಡಿಸುವವರಿಗೆ ಎದುರಿನ ಹತ್ತು ಮೀಟರ್ ಬೆಳ್ಳಗೆ ಹೊಳೆದು ಖುಷಿಯಾಗುತ್ತದೆ. ಎದುರಿಗೆ ಬರುವ ಬೈಕಿನವನಿಗೆ ರಸ್ತೆಯೇ ಕಾಣುವುದಿಲ್ಲ. 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಕೇಸು ಹಾಕಲು ಹೊರಟಾಗ ಬೈದವರೇ ಜಾಸ್ತಿ. ನಾನು ಪೊಲೀಸರ ಕಡೆ. ಮಂಜಿನಲ್ಲಂತೂ ಆ ನೀಲಿ ಬಿಳುಪು ಎದುರಿಗೆ ಪರದೆ ಕಟ್ಟಿಬಿಡುತ್ತದೆ.

ರಿಲೇ ಹಾಕಿದ ಮೇಲೂ ಲೈಟನ್ನು ಗೋಡೆಗೆ ಹಿಡಿದು ಅಲೈನ್ ಮಾಡಿಸಿ. ಬೆಳಕು ಜಾಸ್ತಿಯಾದ ಮೇಲೆ ಸ್ವಲ್ಪ ಮೇಲೆ ನೋಡುತ್ತಿದ್ದರೂ ಎದುರಿನವರಿಗೆ ಹಿಂಸೆ. ಬಲ್ಬು ಮೊದಲಿಗಿಂತ ಸ್ವಲ್ಪ ಬೇಗ ಹೋಗುತ್ತದೆ ಎನ್ನುವುದೂ ನಿಜ, ಅದು ಈಗ ಪೂರ್ತಿ ಕೆಲಸ ಮಾಡುತ್ತಿದೆಯಲ್ವಾ.

ಎಲ್ಲರಿಗೂ ಇದು ಬೇಕಿಲ್ಲ. ಈಚಿನ ಕಾರುಗಳಲ್ಲಿ ಲೈಟು ಕಂಪ್ಯೂಟರಿನ ಕೈಯಲ್ಲಿರುತ್ತದೆ. ಅಲ್ಲಿ ವೈರು ಕತ್ತರಿಸಿದರೆ ವಾರಂಟಿ ಹೋಗುತ್ತದೆ, ತಲೆನೋವೂ ಬರುತ್ತದೆ. ಆಕ್ಸಿಲರೇಟರ್ ತಿರುಗಿಸಿದಂತೆ ಲೈಟ್ ಏರಿಳಿಯುವ ಹಳೇ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯಿಂದ ಕರೆಂಟೇ ಬರುವುದಿಲ್ಲ, ಹಾಗಾಗಿ ಇದೇ ರಿಲೇ ಅಲ್ಲಿ ನಡೆಯುವುದಿಲ್ಲ. ಡೂಮ್ ಒಳಗಿನ ಹೊಳಪೇ ಹೋಗಿದ್ದರೆ ಹೊಸ ಡೂಮ್ ಹಾಕಿಸದೆ ಬೇರೆ ದಾರಿಯಿಲ್ಲ. ಕೆಲವು ಜಪಾನೀ ವಿನ್ಯಾಸದ ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ತ್ ಕಡೆಗೆ. ಅವಕ್ಕೆ ವೈರಿಂಗ್ ಬೇರೆ, ಹಾರ್ನೆಸ್ ತಗೊಳ್ಳುವಾಗ ಕೇಳಿಯೇ ತಗೊಳ್ಳಿ.

ಜೀಪಿಗೆ ನಾವು ಮಾಡಿದ ವೈರಿಂಗಿನ ಚಿತ್ರ ಕೈಯಲ್ಲೇ ಬರೆದದ್ದಿದೆ, ಗ್ರೀಸ್ ಕಲೆ ಸಮೇತ. ಬೇಕಾದವರು ಕೇಳಿ, ಕಾಮೆಂಟಿನಲ್ಲಿ ಫೋಟೋ ಹಾಕುತ್ತೇನೆ.