ಹಿಡಿಯಲ್ಲಿ ಸಿಕ್ಕ ಬೆರಳು

ಕೊಳ್ಳುವ ವಸ್ತುವನ್ನು ಮಾಡಿದವರೇ ಎದುರಿಗೆ ಕೂತಿದ್ದರೆ ಚೌಕಾಸಿಯ ಕಥೆ ಮುಗಿದಂತೆ. ಅಂಗಡಿಯವನ ಹತ್ತಿರವಾದರೆ ಬಾಯಿ ಜೋರು ಮಾಡಬಹುದು. ಅವನಿಗೂ ಆ ಸಾಮಾನಿಗೂ ನಂಟು ಬಿಲ್ ಹರಿಯುವವರೆಗೆ ಮಾತ್ರ. ಮಾಡಿದವರ ಮುಂದೆ ಬೆಲೆ ಇಳಿಸಿ ಅನ್ನುವುದೆಂದರೆ, ತೊಟ್ಟಿಲಲ್ಲಿರುವ ಕೂಸನ್ನು ನೋಡಿ “ಮೂಗು ಸ್ವಲ್ಪ ಸೊಟ್ಟಗಿದೆ, ಏನಾದ್ರೂ ಕಮ್ಮಿ ಮಾಡ್ಕೊಳ್ಳಿ” ಅಂದ ಹಾಗೆ.

ನನಗೆ ಬೇಕಿದ್ದದ್ದು ಒಂದು ಸಾದಾ ಮಗ್. ಕುಂಬಾರರು ತಿಗರಿಯ ಮುಂದೆ ಕೂತಿದ್ದರು, ಮೊಣಕೈವರೆಗೂ ಮಣ್ಣು. “ಇದಕ್ಕೆಷ್ಟು?” ಅಂದೆ. ಅವರು ಬೆಲೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದರು. ಒಳಗೆ ಗಾಳಿ ಉಳಿಯದಂತೆ ಮಣ್ಣು ನಾದಬೇಕು. ತಿಗರಿಯ ನಟ್ಟನಡುವೆ ಕೂರಿಸಬೇಕು, ಕೊಂಚ ಅತ್ತಿತ್ತಾದರೂ ಮೈ ಸೊಟ್ಟ. ಮೈ ಅರೆ ಒಣಗಿದ ಮೇಲೆ ಗೀರು ಹಾಕಿ, ಮಣ್ಣಿನ ರಾಡಿ ಬಳಿದು, ಹಿಡಿ ಅಂಟಿಸಬೇಕು. ಸುಡುವುದು ಎರಡು ಸಲ. ಎರಡನೆಯ ಸಲ 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸು.

“ಗೂಡಿನ ಬಾಗಿಲು ಮುಚ್ಚಿದ ಮೇಲೆ ನಮ್ಮ ಕೈಲೇನೂ ಇಲ್ಲ ಸಾರ್. ತೆಗೆಯೋವರೆಗೂ ನಿದ್ದೆ ಬರಲ್ಲ” ಅಂದರು. ಕಣ್ಣ ಕೆಳಗಿನ ಕಪ್ಪು ಸಾಕ್ಷಿ ಹೇಳುತ್ತಿತ್ತು. ಆಮೇಲೆ ಮಗ್ಗಿನ ಒಂದು ಬದಿ ತೋರಿಸಿ, “ಬಣ್ಣ ಇಲ್ಲಿ ಜಾರಿ ನಿಂತಿದೆ ನೋಡಿ. ಬೇಕು ಅಂದ್ರೂ ಇನ್ನೊಂದ್ಸಲ ಹೀಗೆ ಬರಲ್ಲ” ಅಂದರು. ಕಾರ್ಖಾನೆಯ ಮಗ್ಗಿನಲ್ಲಿ ಹೀಗೆ ಬಣ್ಣ ಜಾರಿದ್ದರೆ “ಬೇರೆ ಕೊಡ್ರೀ” ಅನ್ನುತ್ತಿದ್ದೆ. ಇಲ್ಲಿ ಪರ್ಸ್ ತೆಗೆದೆ. ಬೆಲೆ ಗೊತ್ತಾದದ್ದು ಆಮೇಲೆ.

ಅವರು ಹೇಳಿದ್ದರಲ್ಲಿ ಒಂದು ಮಾತನ್ನು ನಾನು ಭಕ್ತಿಯಿಂದ ತಲೆದೂಗಿ ಮರೆತಿದ್ದೆ: ಒಣಗಿ ಸುಟ್ಟು ಬರುವಷ್ಟರಲ್ಲಿ ಮಣ್ಣು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಅಂದಮೇಲೆ ಹಿಡಿಯ ತೂತೂ ಕುಗ್ಗುತ್ತದೆ. ಮನೆಯಲ್ಲಿ ಬಿಸಿ ಕಾಫಿ ತುಂಬಿಸಿ ಹಿಡಿದೆ. ಬೆರಳು ಒಳಗೆ ಹೋಯಿತು, ಹೊರಗೆ ಬರಲೊಲ್ಲದು. ಅಷ್ಟರಲ್ಲಿ ಕರೆಗಂಟೆ. ಮಗ್ ಸಮೇತ ಹೋಗಿ ಬಾಗಿಲು ತೆಗೆದೆ. ಕೊರಿಯರ್ ಹುಡುಗ ಸಹಿ ಕೇಳಿದ. ಎಡಗೈಲಿ ಗೀಚಿದ್ದನ್ನು ನೋಡಿ, “ನಿಮ್ಮ ಸಹೀನೇ ತಾನೇ ಸಾರ್?” ಅಂದ. ಕೊನೆಗೆ ಸೋಪಿನ ನೀರು ಹಾಕಿ ಬೆರಳು ಬಿಡಿಸಿದ್ದು ನನ್ನ ಹೆಂಡತಿ. “ವಾಪಸ್ ಕೊಟ್ಬನ್ನಿ” ಅಂದಳು. “ಅವರು ನಿದ್ದೆ ಬಿಟ್ಟು ಮಾಡಿದ್ದು ಕಣೇ” ಅಂದೆ. “ನಿಮ್ಮ ಕುರ್ಚಿ ಮಾಡಿದವನು ಮಲಗಿಕೊಂಡು ಮಾಡಿದ್ನಾ?” ಅಂದಳು. ಉತ್ತರವಿರಲಿಲ್ಲ. ಕುರ್ಚಿ ಮಾಡಿದವನ ಮುಖ ನಾನು ಕಂಡಿಲ್ಲವಲ್ಲ.

ನನ್ನ ಪರವಾಗಿ ಸಾಕ್ಷಿ ಹುಡುಕಿದೆ. 2015ರಲ್ಲಿ ಫುಕ್ಸ್, ಶ್ರೈಯರ್, ವ್ಯಾನ್ ಆಸೆಲಾರ್ ಎಂಬ ಸಂಶೋಧಕರು ಪ್ರಯೋಗ ಮಾಡಿ ಹೇಳಿದ್ದಾರೆ: ಕೈಯಲ್ಲಿ ಮಾಡಿದ್ದು ಅಂದರೆ ಅದರೊಳಗೆ ಪ್ರೀತಿಯೂ ಸೇರಿದೆ ಅಂತ ಜನಕ್ಕೆ ಅನಿಸುತ್ತದಂತೆ, ಅದಕ್ಕೇ ಹೆಚ್ಚು ಕೊಡುತ್ತಾರಂತೆ. 2009ರ ಇನ್ನೊಂದು ಪ್ರಯೋಗ ಇದಕ್ಕಿಂತ ಮಜಾ. ರಾಬ್ ವಾಕರ್ ಮತ್ತು ಜೋಶುವಾ ಗ್ಲೆನ್ ಹಳೆಯ ಚಿಲ್ಲರೆ ಸಾಮಾನುಗಳನ್ನು ಕೊಂಡು, ಒಂದೊಂದಕ್ಕೂ ಲೇಖಕರಿಂದ ಕಥೆ ಬರೆಸಿ, ಆನ್‌ಲೈನ್‌ನಲ್ಲಿ ಹರಾಜಿಗಿಟ್ಟರು. ಒಟ್ಟು ಅಸಲಿನ ಸುಮಾರು 28 ಪಟ್ಟು ಬಂತು. ಕಥೆ ಕಟ್ಟಿದ್ದು ಅನ್ನುವುದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. “ನೋಡು, ಜನ ಸುಳ್ಳಿಗೇ ಇಷ್ಟು ಕೊಟ್ಟಿದ್ದಾರೆ, ನಾನು ಕೊಟ್ಟಿದ್ದು ನಿಜಕ್ಕೆ” ಅಂದೆ. “ನಿಜವಾಗ್ಲೂ ಬೆರಳು ಊದಿದೆ” ಅಂದಳು.

ಹಿಡಿಯ ವಿಷಯ ಹೇಳಿಯೇ ಬರುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋಗಿ ನೋಡಿದರೆ ಅವರು ಆಗತಾನೇ ಗೂಡು ತೆಗೆದು, ಸೀಳಿದ ಪಾತ್ರೆಗಳನ್ನು ಒಂದು ಕಡೆ ಜೋಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಎದ್ದು, “ಮಗ್ ಹೇಗಿದೆ ಸಾರ್?” ಅಂದರು.

“ಕೈ ಬಿಡಲ್ಲ ಅನ್ನತ್ತೆ” ಅಂದೆ.

ಅವರ ಮುಖ ಅರಳಿತು. ಆ ಸಂಭ್ರಮಕ್ಕೆ ವಿವರಣೆ ಕೊಡುವುದು ಹೇಗೆ? ಸೀಳಿದವುಗಳಲ್ಲೇ ಒಂದನ್ನು ಎತ್ತಿಕೊಂಡು ಇದೂ ಇರಲಿ ಅಂದೆ. ಬೇಡ ಬೇಡ ಅಂದರೂ ದುಡ್ಡು ಕೈಗಿಟ್ಟು ಬಂದೆ. ಪೆನ್ಸಿಲ್ ಇಡುವುದಕ್ಕೆ ಅಂತ ಮನೆಯಲ್ಲಿ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಪೆನ್ಸಿಲ್ ಬಳಸುವುದಿಲ್ಲ.